ಬೀಗರ ಹಟ್ಟಿಯಲ್ಲಿ ಕ್ರಿಸ್‌ಮಸ್

ಕೊಂಡ್ಲಹಳ್ಳಿ

ನಮ್ಮವ್ವ ಪರದೇಶಕ್ಕೆ ಹೊರಡಲು ಒಪ್ಪಿದ್ದು ಒಂದು ಹಲ್ಲಿಗಾಗಿ.

ಕೆನಡಾದಲ್ಲಿ ನರ್ಸ್ ಆಗಿರುವ ನನ್ನ ತಂಗಿ ಸುಮಾ ಒಂದು ದಿನ ಫೋನಿನಲ್ಲಿ ಮಗುವಿನ ಬಾಯಿ ತೆರೆಸಿ, ಕೆಳ ವಸಡಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಮೂಡಿದ್ದನ್ನು ತೋರಿಸಿದಳು. ಅವ್ವ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಆಮೇಲೆ ಫೋನನ್ನು ನನ್ನ ಕೈಗಿತ್ತು, “ನನ್ನ ಕಳ್ಸಿಕೊಡ್ರಿ. ಈ ಡಬ್ಬಿಯಾಗೆ ನೋಡಿ ನೋಡಿ ಸಾಕಾಯ್ತು” ಅಂದಳು. ಅಪ್ಪನನ್ನೂ ಕರೆದೆವು. ಅಪ್ಪ ಬಾಗಿಲಲ್ಲೇ ನಿಂತು, “ಕುರಿ ಬಿಟ್ಟು ಎಲ್ಲಿಗೆ ಬರ್ಲಿ? ನೀವು ಹೋಗ್ಬರ್ರಿ” ಎಂದು ಮಾತು ಮುಗಿಸಿದ. ಹಾಗಾಗಿ ಅವ್ವನ ಜೊತೆ ನಾನು ಹೊರಟೆ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು ಹೆಡ್ಮಾಸ್ತರರನ್ನು ಕಾಡಿ ಬೇಡಿ ರಜೆ ಗಿಟ್ಟಿಸಿಕೊಂಡೆ.

ಸುಮಾಳ ಗಂಡ ಕೋಲ್. ಅವನ ಮನೆಯವರದು ಕೆನಡಾದ ಆಲ್ಬರ್ಟಾ ಎಂಬ ಸೀಮೆಯಲ್ಲಿ, ಬೆಟ್ಟಗಳ ಬುಡದಲ್ಲಿ, ದನ ಸಾಕುವ ದೊಡ್ಡ ರ್‍ಯಾಂಚ್. ಮದುವೆಗೆ ಮುಂಚೆ ಅವನು ಒಮ್ಮೆ ಊರಿಗೆ ಬಂದು, ನಮ್ಮ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ರಾಗಿಮುದ್ದೆಯನ್ನು ಅಗಿದು ಅಗಿದು ತಿಂದಿದ್ದ. ಆಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ಅವ್ರ ಮನ್ಯಾಗೆ ಏನು ಮಾಡ್ತಾರೆ?” ಸುಮಾ, “ದನ ಸಾಕ್ತಾರವ್ವ, ನೂರಾರು ದನ” ಅಂದಿದ್ದಳು. ಅವ್ವನ ಮುಖ ಅರಳಿತ್ತು. ಅವ್ವನ ತವರು ಸಿದ್ದಾಪುರದ ಕಡೆಯ ಹಟ್ಟಿ. ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ ಮನೆ ಅದು. ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನೆಯ ಹಿರಿಯರು ಸತ್ತಂತೆ ಗುಂಡಿ ತೋಡಿ ಹೂಳಿ, ಹೆಂಗಸರು ಕೂತು ಅಳುತ್ತಾರೆ. ಅಂಥ ಮನೆಯ ಮಗಳು, “ದನ ಇರೋ ಮನೆ ಅಂದ್ರೆ ಒಳ್ಳೆ ಮನೆ” ಎಂದು ಒಪ್ಪಿಬಿಟ್ಟಳು.

ಸುಮಾ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅರ್ಧ ಮಾತ್ರ ಇತ್ತು. ಉಳಿದರ್ಧ ನನಗೆ ಗೊತ್ತಿತ್ತು. ಸುಮಾ, “ನಾನೇ ನಿಧಾನಕ್ಕೆ ಹೇಳ್ತೀನಿ ಅಕ್ಕ” ಅಂದಿದ್ದಳು. ಹೇಳಿರಲಿಲ್ಲ.

ಆಕಾಶ

ವಿಮಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವ್ವನ ಚೀಲದಲ್ಲಿದ್ದ ಸಜ್ಜೆ ರೊಟ್ಟಿ ಮತ್ತು ಶೇಂಗಾ ಪುಡಿಯನ್ನು ತಪಾಸಣೆಯ ಹುಡುಗಿ ಮೂಸಿ ನೋಡಿ, ಸೀನಿ, ಹಾಗೇ ಬಿಟ್ಟಳು. ಉಡುಗೊರೆಗೆಂದು ಅವ್ವ ಚಳ್ಳಕೆರೆಯಲ್ಲಿ ನೇಯಿಸಿದ್ದ ಕರಿ ಕಂಬಳಿ ಮಾತ್ರ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಅವ್ವ ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಎರಡು ಸಾಗರ ದಾಟಿದಳು. ಪಕ್ಕದ ಸೀಟಿನ ಬಿಳಿಯ ಮುದುಕ ನಡುಗುತ್ತಿದ್ದುದನ್ನು ಕಂಡು ಅದರ ಒಂದು ತುದಿಯನ್ನು ಅವನ ಮೊಣಕಾಲ ಮೇಲೂ ಎಳೆದಳು. ಅವನು ಅದರಡಿಯಲ್ಲಿ ಗೊರಕೆ ಹೊಡೆಯುತ್ತ ಬಂದ.

ಫ್ಯಾನುಗಳ ದಾರಿ

ಕ್ಯಾಲ್ಗರಿ ನಗರದಲ್ಲಿ ಇಳಿದು ದಕ್ಷಿಣಕ್ಕೆ ಕಾರಿನಲ್ಲಿ ಹೊರಟಾಗ ಭೂಮಿ, ಆಕಾಶ ಎಲ್ಲ ಒಂದೇ ಬಿಳುಪು. ಮಗು ಅವ್ವನ ತೊಡೆಯ ಮೇಲಿರಬೇಕೆಂದು ಅವ್ವನ ಆಸೆ. ಆದರೆ ಆ ದೇಶದಲ್ಲಿ ಮಗುವನ್ನು ಬೇರೆಯದೇ ಕುರ್ಚಿಗೆ ಬೆಲ್ಟಿನಿಂದ ಬಿಗಿಯಬೇಕು. “ಕಟ್ಟಿ ಹಾಕ್ಯಾರಲ್ಲೇ ಪಾಪನ್ನ!” ಎಂದು ದಾರಿಯುದ್ದಕ್ಕೂ ಗೊಣಗುತ್ತ, ಅದರ ಬೆರಳೊಂದನ್ನು ಹಿಡಿದುಕೊಂಡೇ ಕೂತಳು. ಅಷ್ಟರಲ್ಲಿ ಹಲ್ಲು ನಾಲ್ಕಾಗಿದ್ದವು.

ಒಂದು ತಿರುವಿನಲ್ಲಿ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಂಡವು. ನೂರಾರು. ನಿಧಾನವಾಗಿ ತಿರುಗುತ್ತಿದ್ದವು. ನಮ್ಮ ಗುಡ್ಡಗಳ ಮೇಲೆ ಇರುವಂಥವೇ. ಅವ್ವ ಕಿಟಕಿಗೆ ಹಣೆ ಹಚ್ಚಿ, “ಏಯ್, ನಮ್ಮ ಫ್ಯಾನು! ಇಲ್ಲೂ ಅದಾವೆ!” ಎಂದು ಮಗುವಿನ ಹಾಗೆ ಕೂಗಿದಳು. ಕಾರು ಓಡಿಸುತ್ತಿದ್ದ ಕೋಲ್‌ಗೆ ಸುಮಾ ಅದನ್ನು ಹೇಳಿದಾಗ ಅವನು ಕಾರು ನಿಲ್ಲಿಸಿಯೇ ಬಿಟ್ಟ. ಅವ್ವ ಕೆಳಗಿಳಿದಳು, ಗಾಳಿ ಕೆನ್ನೆಗೆ ಬಾರಿಸಿತು, ಹತ್ತಿಯೂ ಬಿಟ್ಟಳು. “ಫ್ಯಾನು ನಮ್ದು, ಗಾಳಿ ನಮ್ದಲ್ಲ” ಅಂದಳು.

ರ್‍ಯಾಂಚಿನ ಮನೆ ಮರದ್ದು. ಬಾಗಿಲಲ್ಲಿ ಸುಮಾಳ ಅತ್ತೆ ಜೋನ್ ನಿಂತಿದ್ದರು. ಬಿಳಿ ಕೂದಲನ್ನು ಗಂಡಸಿನ ಹಾಗೆ ಕತ್ತರಿಸಿದ್ದರು, ಕೈಗಳು ನಮ್ಮ ಹೊಲದ ಹೆಂಗಸರ ಕೈಗಳಂತೆ ಒರಟು. ಮಾವ ಆರಡಿಗೂ ಮಿಕ್ಕಿದ ಆಳು, ಮಾತು ಕಡಿಮೆ. ಹೆಸರು ರಾಸ್. “ದನ ಸಾಕೋರ ಹೆಸರು ರಾಸು! ಒಪ್ಪೈತೆ” ಎಂದು ಅವ್ವ ನಕ್ಕಳು. ಆ ಮನೆಯಲ್ಲಿ ಎಲ್ಲರೂ ಬೂಟನ್ನು ಬಾಗಿಲಲ್ಲೇ ಕಳಚಿಟ್ಟು ಒಳಬರುವುದನ್ನು ಕಂಡು ಅವ್ವನಿಗೆ ಇನ್ನೂ ಸಮಾಧಾನವಾಯಿತು. ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ರಾಸ್‌ಗೆ ಕೊಟ್ಟಳು. ಅವರು ಅದನ್ನು ಮೂಸಿದರು. ಉಡುಗೊರೆ ಮೂಸುವವರನ್ನು ನಾನು ಮೊದಲ ಸಲ ನೋಡಿದ್ದು. “ಕುರಿ” ಎಂದು ಇಂಗ್ಲಿಷಿನಲ್ಲಿ ಒಂದೇ ಪದ ಹೇಳಿ, ಸೋಫಾದ ಬೆನ್ನ ಮೇಲೆ ಹಾಸಿದರು.

ಬೆಂಕಿಗೂಡಿನ ಮೇಲೆ ಕೆಂಪು ಉಣ್ಣೆಯ ಕಾಲ್ಚೀಲಗಳ ಸಾಲು ತೂಗುತ್ತಿತ್ತು. ಮನೆಗೆ ಹೊಸಬರು ಸೇರಿದಾಗಲೆಲ್ಲ ಜೋನ್ ಒಂದು ಹೆಣೆದು, ಅದರ ಮೇಲೆ ಹೆಸರು ಹೆಣೆಯುತ್ತಾರೆ. ಸುಮಾಳದ್ದಿತ್ತು, ಮಗುವಿನದ್ದಿತ್ತು. ಕೊನೆಯಲ್ಲಿ ಎರಡು ಹೊಚ್ಚಹೊಸವು. ಒಂದರ ಮೇಲೆ ನನ್ನ ಹೆಸರು, ಇನ್ನೊಂದರ ಮೇಲೆ ಅಂಕುಡೊಂಕಾದ ಕನ್ನಡ ಅಕ್ಷರಗಳಲ್ಲಿ ‘ಅವ್ವ’. ನಾನು ಆ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಅವ್ವ ಮಾತ್ರ ಗಲ್ಲದ ಮೇಲೆ ಬೆರಳಿಟ್ಟು, “ಒಲೆ ಮುಂದೆ ಕಾಲ್ಚೀಲ ನೇತು ಹಾಕ್ಯಾರಲ್ಲೇ! ಒಣಗಾಕೇನು?” ಅಂದಳು. ಹಬ್ಬದ ದಿನ ಅದರೊಳಗೆ ಮಿಠಾಯಿ ಹಾಕುತ್ತಾರೆ ಅಂತ ಸುಮಾ ಹೇಳಿದಾಗ, “ಕಾಲ್ಚೀಲದಾಗೆ ತಿನ್ನೋದು ಇಕ್ತಾರಾ? ಶಿವನೇ!” ಎಂದು ಕಣ್ಣು ಮುಚ್ಚಿಕೊಂಡಳು.

ಹಾಲಿನ ಡಬ್ಬಿ

ಮೊದಲ ಎರಡು ದಿನ ಅವ್ವ ಸಂತೋಷವಾಗಿದ್ದಳು. ಅಳಿಯನ ಬೂಟು, ಬೀಗತಿಯ ಕೋಟು, ತಲೆಗೆ ಉಣ್ಣೆ ಟೋಪಿ, ಅದರ ಮೇಲೆ ಸೆರಗು ಹೊದ್ದು, ಬೇಲಿಯ ಹತ್ತಿರ ನಿಂತು ದನಗಳನ್ನು ನೋಡುತ್ತಿದ್ದಳು. ಕಪ್ಪು ದನಗಳು. ಬೆನ್ನ ಮೇಲೆ ಹಿಮ, ಮೂಗಿನಿಂದ ಹೊಗೆ. “ಕೊಂಬಿಲ್ಲ, ಬೆನ್ನ ಮ್ಯಾಲೆ ಇಣಿ ಇಲ್ಲ. ಮೈ ಮಾತ್ರ ಗುಂಡ್ಗೆ ಐತೆ” ಎಂದು ಏದುಸಿರಿನಲ್ಲೇ ಹೇಳಿದಳು.

ಮೂರನೆಯ ದಿನ ಬೆಳಿಗ್ಗೆ ಕಾಫಿ ಮಾಡಲು ಹೋದವಳು ಫ್ರಿಜ್ಜಿನಿಂದ ಪ್ಲಾಸ್ಟಿಕ್ ಡಬ್ಬಿ ಹೊರತೆಗೆದು ತಿರುಗಿಸಿ ನೋಡಿದಳು.

“ಲೇ ಸುಮೀ, ಇದು ಅಂಗಡಿ ಹಾಲಲ್ಲೇನೇ?”

“ಹೂನವ್ವ.”

“ಅಷ್ಟು ದನ ಅದಾವೆ. ಕರೆಯೋರು ಯಾರು?”

ಸುಮಾ ಮಗುವಿನ ಬಾಯಿ ಒರೆಸತೊಡಗಿದಳು.

“ಬಂದಾಗಿಂದ ನೋಡ್ತೀನಿ. ಒಬ್ರೂ ಚೊಂಬು ಹಿಡ್ಕಂಡು ಹೋಗಿಲ್ಲ. ಎತ್ತು ಕಟ್ಟಿ ಉಳೋದೂ ಕಾಣಲ್ಲ. ಹಾಲಿಗಲ್ಲ, ಗೇಮೆಗಲ್ಲ. ಮತ್ಯಾತಕ್ಕೆ ಸಾಕ್ಯಾರೆ?”

ಸುಮಾಳ ಕಣ್ಣು ತುಂಬಿದವು. ಅದೇ ಉತ್ತರವಾಯಿತು. ಅವ್ವ ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಮ್ಮಿಬ್ಬರಿಗೆ ಕೊಟ್ಟಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. “ಯಾವ ಪಾತ್ರೆಯಾಗೆ ಏನು ಬೇಯಿಸ್ಯಾರೋ. ನನಗೆ ಬ್ಯಾಡ” ಎಂದು ತನ್ನ ಗಂಟಿನಿಂದ ಸಜ್ಜೆ ರೊಟ್ಟಿ ಮುರಿದು ತಿಂದಳು. ಜೋನ್‌ಗೆ ಸುಮಾ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು, ತಾನು ಮುಚ್ಚಿಟ್ಟದ್ದನ್ನೂ. ಜೋನ್ ಬೇಸರ ಮಾಡಿಕೊಳ್ಳಲಿಲ್ಲ. ಕೋಟು ಹಾಕಿಕೊಂಡು ಪೇಟೆಗೆ ಹೋಗಿ ಹೊಸ ಪಾತ್ರೆ, ಹೊಸ ಬಾಣಲೆ ತಂದರು. ಒಲೆಯ ಎಡಗಡೆಯ ಮುಂದಿನ ಉರಿ ಅವ್ವನದು, ಯಾರೂ ಮುಟ್ಟಬಾರದು ಎಂದು ಮನೆಗೆಲ್ಲ ಸಾರಿದರು. ಗುರುತಿಗೆ ಎರಡೂ ಪಾತ್ರೆಗಳ ಹಿಡಿಗೆ ಹಬ್ಬದ ಕೆಂಪು ರಿಬ್ಬನ್ ಕಟ್ಟಿದರು. ಸಂಜೆ ಅವ್ವ ಅನ್ನಕ್ಕಿಟ್ಟಾಗ ರಿಬ್ಬನ್ನಿನ ತುದಿಗೆ ಉರಿ ಹತ್ತಿ ಭಗ್ಗೆಂದಿತು. ಜೋನ್ ಕೈಯಲ್ಲಿದ್ದ ಚಹಾವನ್ನೇ ಅದರ ಮೇಲೆ ಎರಚಿದರು. ಅನ್ನಕ್ಕೆ ಚಹಾ ಬಿತ್ತು. ನಾನು ನಕ್ಕೆ, ಸುಮಾ ನಕ್ಕಳು, ಜೋನ್ ಬಾಯಿಗೆ ಕೈ ಅಡ್ಡ ಹಿಡಿದರು. ಅವ್ವ ನಗಲಿಲ್ಲ. ಆದರೆ ಇನ್ನೊಮ್ಮೆ ಅಕ್ಕಿ ತೊಳೆದು ಅದೇ ಒಲೆಯ ಮೇಲಿಟ್ಟಳು.

ಮರುದಿನ ಅಪ್ಪನಿಗೆ ಫೋನ್ ಮಾಡಿಸಿಕೊಂಡಳು. ಫೋನನ್ನು ಕಿವಿಯಿಂದ ದೂರ ಹಿಡಿದು ಮಾತಾಡುವ ಅಭ್ಯಾಸ, ಹಾಗಾಗಿ ಎರಡೂ ಕಡೆಯ ಮಾತು ಕೇಳುತ್ತಿತ್ತು.

“ಕೇಳಿದ್ರೇನ್ರಿ? ಕಡಿಯಾಕೆ ಕೊಡ್ತಾರಂತೆ, ಅಷ್ಟೂ ದನಾನ. ನನ್ನ ಮಗಳು ಇಂಥಾ ಮನ್ಯಾಗೆ ಅದಾಳೆ.”

ಹಿನ್ನೆಲೆಯಲ್ಲಿ ಕುರಿಗಳ ಅರಚಾಟ ಕೇಳುತ್ತಿತ್ತು. “ನಾವು ಟಗರು ಸಾಕಿ ಯಾರಿಗೆ ಕೊಡ್ತೀವಿ? ಪೂಜೆ ಮಾಡೋರಿಗೇನು?” ಅಂದ ಅಪ್ಪ.

“ಕುರಿ ಬ್ಯಾರೆ, ದನ ಬ್ಯಾರೆ!”

“ಬ್ಯಾರೇನೆ. ನಾನು ಒಂದೇ ಅಂತ ಅನ್ನಲ್ಲ. ಸುಮೀನ ಹೆಂಗೆ ನೋಡ್ಕಂತಾರೆ?”

ಅವ್ವ ಬಾಗಿಲ ಕಡೆ ನೋಡಿದಳು. “ಚೆಂದಾಗೇ ನೋಡ್ಕಂತಾರೆ. ಅದೇ ಸಂಕಟ” ಅಂದಳು.

ಮರ ತಂದ ದಿನ

ಹಬ್ಬಕ್ಕೆ ಮೂರು ದಿನ ಮೊದಲು ಇಡೀ ಮನೆ ಕಾಡಿಗೆ ಹೋಗಿ ಮರ ಕಡಿದು ತರುವುದು ಅಲ್ಲಿಯ ಪದ್ಧತಿ. ಅವ್ವ ಬರುವುದಿಲ್ಲ ಅಂದಳು. ಮಗುವನ್ನು ಜಾರುಬಂಡಿಯಲ್ಲಿ ಕೂರಿಸುವುದನ್ನು ಕಿಟಕಿಯಿಂದ ನೋಡಿ, ಮಗುವಿಗಾಗಿ ಹೊರಟು ಬಂದಳು.

ನಾನು ಮೂರು ಸಲ ಬಿದ್ದೆ. ಅವ್ವ ಕುರಿ ಕಾಯುವ ಕೋಲಿನಂಥದ್ದೊಂದನ್ನು ಹುಡುಕಿಕೊಂಡು, ಊರಿ ಊರಿ ನಡೆದು, ಒಮ್ಮೆಯೂ ಬೀಳಲಿಲ್ಲ. ಯಾವ ಮರ ಎಂಬುದರ ಬಗ್ಗೆ ಅಪ್ಪ ಮಗನಿಗೆ ವಾದ ಹತ್ತಿತು. ಪ್ರತಿ ವರ್ಷವೂ ಹತ್ತುತ್ತದಂತೆ, ಅದೂ ಪದ್ಧತಿಯ ಭಾಗವೇ ಎಂದು ಸುಮಾ ಹೇಳಿದಳು. ಕೋಲ್‌ಗೆ ಎತ್ತರದ್ದು ಬೇಕು. ರಾಸ್‌ಗೆ ದಟ್ಟವಾದದ್ದು ಬೇಕು. ಕೊನೆಗೆ ಜೋನ್ ಸುಮ್ಮನೆ ಹೋಗಿ ಇನ್ನೊಂದು ಮರದ ಪಕ್ಕ ನಿಂತರು. ಅದನ್ನೇ ಕಡಿದರು.

“ಹಸೀ ಮರ ಕಡಿತಾರಲ್ಲೇ ಹಬ್ಬಕ್ಕೆ” ಎಂದು ಅವ್ವ ನನ್ನ ಕಿವಿಯಲ್ಲಿ ಅಂದಳು. ನಾವು ಹಬ್ಬಕ್ಕೆ ಮಾವಿನ ತೋರಣ ಕಟ್ಟುವವರು, ಬೇವಿನ ಟೊಂಗೆ ಸಿಕ್ಕಿಸುವವರು. ಆದರೆ ನಮ್ಮ ಮರ ಬಯಲಲ್ಲೇ ಉಳಿಯುತ್ತದೆ. ಇವರು ಮರವನ್ನೇ ನೆಂಟರಂತೆ ಮನೆಯೊಳಗೆ ಕರೆತಂದು, ಮೂಲೆಯಲ್ಲಿ ನಿಲ್ಲಿಸಿ, ನೀರು ಕೊಟ್ಟು, ಆಭರಣ ತೊಡಿಸುತ್ತಾರೆ. ಆಭರಣಗಳೂ ಅಂಗಡಿಯವಲ್ಲ. ಕೋಲ್ ಎಳೆಯವನಾಗಿದ್ದಾಗ ಹಿಟ್ಟಿನಲ್ಲಿ ಮಾಡಿದ ವಕ್ರ ನಕ್ಷತ್ರ, ಒಂದು ತುಕ್ಕು ಹಿಡಿದ ಗಂಟೆ, ಸತ್ತುಹೋದ ಕುದುರೆಯ ಲಾಳ. ಲಾಳವನ್ನು ರಾಸ್ ತಾವೇ ಕಟ್ಟಿದರು, ಬೇರೆಯವರಿಗೆ ಕೊಡಲಿಲ್ಲ. ಆ ಕುದುರೆಯ ಹೆಸರನ್ನು ಒಮ್ಮೆ ಹೇಳಿದರು. ನಾನು ಅನುವಾದಿಸದಿದ್ದರೂ ಅವ್ವನಿಗೆ ತಿಳಿಯಿತು. ಸೋಫಾದ ಮೇಲೆ ಕೂತು ಅವರನ್ನೇ ನೋಡುತ್ತಿದ್ದಳು.

ಹಬ್ಬದ ಹಿಂದಿನ ಮಧ್ಯಾಹ್ನ

ಹಬ್ಬದ ಹಿಂದಿನ ದಿನ ಚಳಿ ಇದ್ದಕ್ಕಿದ್ದಂತೆ ಕೆರಳಿತು. ಬಾಗಿಲ ಹಿಡಿಗೆ ಕೈ ಅಂಟಿಕೊಳ್ಳುವಷ್ಟು. ಮಧ್ಯಾಹ್ನ ಎಲ್ಲರೂ ಚರ್ಚಿಗೆ ಹೊರಟು ನಿಂತಿದ್ದೆವು. ಜೋನ್ ಹಸಿರು ರೇಷ್ಮೆಯ ಅಂಗಿ ತೊಟ್ಟಿದ್ದರು. ನಾನು ತಂದುಕೊಟ್ಟ ಮೊಳಕಾಲ್ಮೂರು ಸೀರೆಯ ಬಟ್ಟೆಯಿಂದ ಹೊಲಿಸಿದ್ದು. ಸೀರೆಯನ್ನು ಕತ್ತರಿಸಿಬಿಟ್ಟರಲ್ಲ ಎಂದು ಮೊದಲು ಬೇಸರವಾಗಿದ್ದರೂ, ಅವರ ಮೇಲೆ ಅದು ಒಪ್ಪಿತ್ತು. ಅವ್ವ ಬರುವುದಿಲ್ಲವೆಂದು ಕೋಣೆಯಲ್ಲೇ ಇದ್ದಳು.

ಹೊರಡುವ ಮುಂಚೆ ದನ ನೋಡಿ ಬರುತ್ತೇನೆಂದು ಹೋದ ರಾಸ್ ಬಾಗಿಲನ್ನು ಕಾಲಿನಿಂದ ಒದ್ದು ಒಳಗೆ ಬಂದರು. ತೋಳುಗಳಲ್ಲಿ ಕರು. ಕಡಸೊಂದು ಕಾಲವಲ್ಲದ ಕಾಲದಲ್ಲಿ, ಹಿಮದ ಮೇಲೆ ಈದುಬಿಟ್ಟಿತ್ತು. ಕರುವಿನ ಮೈಮೇಲಿನ ನೀರು ಹೆಪ್ಪುಗಟ್ಟಿ ಗಾಜಿನಂತಾಗಿತ್ತು. ಕಿವಿಗಳು ಮರದ ಚಕ್ಕೆಯಂತೆ ಸೆಟೆದಿದ್ದವು. ಬಾಯಿಂದ ನಾಲಗೆ ಹೊರಬಿದ್ದಿತ್ತು.

ಬೂಟು ಕಳಚದೆ ನೇರ ಬಚ್ಚಲಿಗೆ ಹೋಗಿ, ನಾವು ಸ್ನಾನ ಮಾಡುವ ಬಿಳಿ ತೊಟ್ಟಿಯಲ್ಲಿ ಅದನ್ನು ಮಲಗಿಸಿದರು. ಜೋನ್ ರೇಷ್ಮೆಯ ತೋಳು ಮಡಚಿ, ಬೆಚ್ಚನೆಯ ನೀರು ಬಿಟ್ಟು, ಮಂಡಿಯೂರಿ ಕರುವಿನ ತಲೆ ಎತ್ತಿ ಹಿಡಿದರು. ಚರ್ಚಿನ ಮಾತನ್ನು ಯಾರೂ ಎತ್ತಲಿಲ್ಲ. ಸುಮಾ ಆಸ್ಪತ್ರೆಯಲ್ಲಿ ಮಾಡುವಂತೆ ಅದರ ಎದೆಯ ಮೇಲೆ ಕೈಯಿಟ್ಟು, “ಹೊಡ್ಕಂತೈತೆ, ಹೊಡ್ಕಂತೈತೆ” ಅಂದಳು, ಅವಸರದಲ್ಲಿ ಕನ್ನಡದಲ್ಲೇ.

ಗಲಾಟೆಗೆ ಅವ್ವ ಹೊರಬಂದಳು. ಬಚ್ಚಲ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಸಿಕ್ಕಿಸಿ, ಜೋನ್‌ರ ಪಕ್ಕ ಕೂತು, ಕರುವಿನ ಹಿಂಗಾಲುಗಳನ್ನು ನೀರಿನೊಳಗೆ ತಿಕ್ಕತೊಡಗಿದಳು. “ಲೆಯ್ ನಾಯ್ನಾ, ಲೆಯ್” ಎಂದು ಕರೆಯುತ್ತಿದ್ದಳು. ಏಳು ಮಗನೇ ಏಳು ಎಂದು. ಆಂಧ್ರದ ಗಡಿಯ ನಮ್ಮ ಹಟ್ಟಿಗಳಲ್ಲಿ ಮನುಷ್ಯರ ಜೊತೆ ಕನ್ನಡವಾಡಿದರೂ ಮಕ್ಕಳ ಜೊತೆ, ದನಕರುವಿನ ಜೊತೆ ನಾಲಗೆ ತೆಲುಗಿಗೆ ತಿರುಗುತ್ತದೆ. ಜೋನ್ ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ಎರಡೂ ಒಂದೇ ರಾಗದಲ್ಲಿದ್ದವು.

ನಿಧಾನವಾಗಿ ಕಿವಿ ಮೆತ್ತಗಾಯಿತು. ನಾಲಗೆ ಒಳಕ್ಕೆ ಸರಿಯಿತು. ಕರು ಒಮ್ಮೆ ಮೈ ಕೊಡವಿತು. ನಮ್ಮೆಲ್ಲರ ಹಬ್ಬದ ಬಟ್ಟೆ ತೊಯ್ದವು.

ಒರೆಸಲು ಮನೆಯ ಟವಲ್‌ಗಳೆಲ್ಲ ಖಾಲಿಯಾದವು. ರಾಸ್ ಸುತ್ತ ನೋಡಿ, ಸೋಫಾದ ಮೇಲಿನ ಕಂಬಳಿಗೆ ಕೈ ಹಾಕಿದವರು ತಟ್ಟನೆ ನಿಂತು, ಅವ್ವನ ಕಡೆ ನೋಡಿದರು. ಕೊಟ್ಟ ಉಡುಗೊರೆ, ಹೇಗೆ ತಾನೇ ಎಂಬ ಸಂಕೋಚ.

“ಹೊದಿಸ್ರಿ. ಮತ್ಯಾತಕ್ಕೆ ಇರೋದು ಅದು?” ಅಂದಳು ಅವ್ವ. ಇದಕ್ಕೆ ಅನುವಾದ ಬೇಕಾಗಲಿಲ್ಲ.

ಕರುವನ್ನು ಕಂಬಳಿಯಲ್ಲಿ ಸುತ್ತಿ ಬೆಂಕಿಗೂಡಿನ ಹತ್ತಿರ ಮಲಗಿಸಿದರು. ಜೋನ್ ಫ್ರೀಜರಿನಿಂದ, ಹಬ್ಬದ ಕಜ್ಜಾಯಗಳ ಮಧ್ಯದಿಂದ, ಹಳದಿ ಬಣ್ಣದ ಕಲ್ಲಿನಂಥ ಒಂದು ಗಟ್ಟಿಯನ್ನು ತೆಗೆದು ಬಿಸಿನೀರಿನಲ್ಲಿ ಕರಗಿಸತೊಡಗಿದರು. ಅವ್ವ ಬಗ್ಗಿ ಮೂಸಿದಳು. ಕಣ್ಣು ಅಗಲವಾಯಿತು.

“ಗಿಣ್ಣದ ಹಾಲು!”

ಹೌದು. ವಸಂತದಲ್ಲಿ ಈದ ಹಸುಗಳ ಮೊದಲ ಹಾಲನ್ನು ಸ್ವಲ್ಪ ಸ್ವಲ್ಪ ಕರೆದು ಗಟ್ಟಿಮಾಡಿ ಇಟ್ಟಿರುತ್ತಾರಂತೆ, ಇಂಥ ತಬ್ಬಲಿ ಹೊತ್ತಿಗೆ. ರಾಸ್ ಬಾಟಲಿ ಹಿಡಿದರು. ಕರು ಮೊದಲು ಕಾರಿತು, ಆಮೇಲೆ ಎಳೆಯಿತು, ಆಮೇಲೆ ಬಿಡಲೇ ಇಲ್ಲ.

ಅವ್ವ ಅದನ್ನೇ ನೋಡುತ್ತ, ಯಾರಿಗೂ ಅಲ್ಲದಂತೆ ಅಂದಳು: “ನಾವು ಬೆಲ್ಲ ಹಾಕಿ ಕಾಸ್ಕಂಡು ತಿಂತೀವಿ. ಇವ್ರು ಕರೂಗೆ ಅಂತ ಎತ್ತಿಟ್ಟಾರೆ.”

ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದಳು. “ಅವ್ರನ್ನ ಕೇಳು. ಇದನ್ನೂ ಮಾರ್ತಾರೇನು?”

“ಅವ್ವ, ಈಗ ಬ್ಯಾಡ” ಅಂದಳು ಸುಮಾ.

“ಕೇಳೇ.”

ಕೇಳಿದೆ. ರಾಸ್ ಬಾಟಲಿಯನ್ನು ಓರೆ ಮಾಡಿ ಕೊನೆಯ ಹನಿ ಇಳಿಸಿದರು. ಆಮೇಲೆ ನನ್ನನ್ನಲ್ಲ, ಅವ್ವನನ್ನು ನೋಡಿ ಉತ್ತರಿಸಿದರು. “ಹೌದು. ಇದು ಗಂಡು ಕರು. ಮುಂದಿನ ವರ್ಷ ಎಲೆ ಉದುರುವ ಹೊತ್ತಿಗೆ ಹೋಗುತ್ತದೆ. ಅಲ್ಲಿಯವರೆಗೆ ಅದಕ್ಕೆ ಚಳಿಯಾಗದಂತೆ, ಹಸಿವಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.”

ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದೆ. ಇವತ್ತೊಂದು ದಿನ ಇಲ್ಲ ಎಂದಿದ್ದರೆ ಏನಾಗುತ್ತಿತ್ತು ಎಂಬ ಸಿಟ್ಟು ಸುಮಾಳ ಮುಖದ ಮೇಲಿತ್ತು.

ಅವ್ವ ತಲೆಯಾಡಿಸಿದಳು. “ಬಿಡ್ರಿ ಅಂತ ನಾನು ಕೇಳಲ್ಲ. ನಮ್ಮ ಟಗರು ಮಾರಬ್ಯಾಡ ಅಂತ ಅವ್ರು ಬಂದು ಹೇಳಿದ್ರೆ ನಿಮ್ಮಪ್ಪ ಕೇಳ್ತಾನೇನು? ಆದ್ರೆ ಆ ಯಪ್ಪ ನೆಟ್ಟಗೆ ಹೇಳಿದ.” ಸುಮಾಳ ಕಡೆ ನೋಡಿದಳು. “ನೀನು ಹೇಳಲಿಲ್ಲ.”

“ಹೇಳಬೇಕಿತ್ತವ್ವ. ಹೆದರಿಕೆ ಆಗ್ತಿತ್ತು.”

“ಹೇಳಿದ್ರೆ ನಾನು ಮದುವೆಗೆ ಒಪ್ತಿರಲಿಲ್ಲ. ಒಪ್ಪದಿದ್ರೆ ಈ ಪಾಪ ಇರ್ತಿರಲಿಲ್ಲ.” ಮಗು ಅಷ್ಟರಲ್ಲಿ ಅಂಬೆಗಾಲಿಟ್ಟು ಬಂದು ಕರುವಿನ ಬಾಲ ಹಿಡಿದಿತ್ತು. “ಆಗಿದ್ದಾಯ್ತು. ಇನ್ಮ್ಯಾಲೆ ನನಗೆ ಅರ್ಧ ಹೇಳಬ್ಯಾಡ. ಪೂರ್ತಿ ಹೇಳು, ಬೈಸ್ಕೊ, ಸುಮ್ಮನಾಗು.”

ಸುಮಾ ಅವ್ವನ ಒದ್ದೆ ಸೆರಗಿನಲ್ಲಿ ಮುಖವಿಟ್ಟು ಅತ್ತಳು. ಜೋನ್ ನನ್ನನ್ನು ನೋಡಿ ಹುಬ್ಬೇರಿಸಿದರು. “ಎಲ್ಲ ಸರಿಯಾಗಿದೆ” ಎಂದೆ. ಅವರು ತಮ್ಮ ರೇಷ್ಮೆ ಅಂಗಿಯ ಮೇಲಿನ ಸಗಣಿ ನೋಡಿಕೊಂಡು, “ಹಾಗಾದರೆ ಏನಾದರೂ ತಿನ್ನೋಣ” ಅಂದರು.

ಹಬ್ಬದೂಟ

ಬೆಳಿಗ್ಗೆ ಕರು ನಾಲ್ಕು ಕಾಲ ಮೇಲೆ ನಿಂತು, ಮರದ ಕೆಳಗಿನ ಉಡುಗೊರೆಗಳ ಪಕ್ಕದಲ್ಲೇ ಗಂಜಲ ಹೊಯ್ದಿತು. ಅವ್ವ, “ಶುಭ!” ಅಂದಳು. ಬೇರೆಯವರು ಬಟ್ಟೆ ಹುಡುಕುತ್ತ ಓಡಿದರು. ರಾಸ್ ಕರುವನ್ನು ಕೊಟ್ಟಿಗೆಗೆ ಒಯ್ದು ತಾಯಿಯ ಜೊತೆ ಬಿಟ್ಟುಬಂದರು.

ಉಡುಗೊರೆ ಬಿಚ್ಚುವ ಮೊದಲು ದನಗಳಿಗೆ ಮೇವು ಹಾಕಬೇಕು, ಅವು ಉಂಡ ಮೇಲೇ ಮನುಷ್ಯರ ಹಬ್ಬ. ಇದು ಆ ಮನೆಯಲ್ಲಿ ರಾಸ್‌ರ ಅಜ್ಜನ ಕಾಲದಿಂದ ನಡೆದು ಬಂದದ್ದು. ಅವತ್ತು ಮಾತ್ರ ಟ್ರ್ಯಾಕ್ಟರ್ ಬಿಟ್ಟು ಎರಡು ದೊಡ್ಡ ಕುದುರೆಗಳನ್ನು ಬಂಡಿಗೆ ಹೂಡುತ್ತಾರೆ. ಹುಲ್ಲಿನ ಪೆಂಡಿಗಳ ಮೇಲೆ ನಾವೆಲ್ಲ ಹತ್ತಿದೆವು. ಅವ್ವನೂ. ಕೋಲ್ ಒಂದು ಕವೆಗೋಲು ಕೊಟ್ಟ. ಅವ್ವ ಮೊದಲು ಕೆಳಗೆ ದನಗಳಿಗೆ ಕೈ ಮುಗಿದಳು, ಆಮೇಲೆ ಹುಲ್ಲು ಎಸೆದಳು. ಕಪ್ಪು ದನಗಳು ಬಂಡಿಯ ಹಿಂದೆ ಸಾಲಾಗಿ ಬಂದವು. ಅವುಗಳ ಉಸಿರಿನಿಂದ ಬಯಲೆಲ್ಲ ಮಂಜು ಕವಿದಂತೆ ಕಾಣುತ್ತಿತ್ತು. ನಮ್ಮ ರೊಪ್ಪದಲ್ಲಿ ಸಂಜೆ ದನ ಕೂಡುವಾಗ ಏಳುವ ಧೂಳು ನೆನಪಾಯಿತು. ಕಾಲ್ಚೀಲದೊಳಗಿಂದ ಅವ್ವನಿಗೆ ಸಿಕ್ಕಿದ್ದು ಬೆಚ್ಚನೆಯ ಕೈಗವಸು, ಒಂದು ಕಿತ್ತಳೆಹಣ್ಣು. ಕಿತ್ತಳೆಯನ್ನು ತೊಳೆದು ತಿಂದಳು.

ಅಂದಿನ ಊಟದಲ್ಲಿ ಇನ್ನೊಂದು ಎಡವಟ್ಟಾಯಿತು. ಪ್ರತಿ ವರ್ಷ ಆ ಮೇಜಿನ ಮೇಲೆ ಅವರದೇ ದನದ ಮಾಂಸ ಇರುತ್ತಿತ್ತು. ಈ ಸಲ ನಮಗಾಗಿ ಜೋನ್ ಅದನ್ನು ಬಿಟ್ಟಿದ್ದರು. ಬದಲಿಗೆ ದೊಡ್ಡ ಹರಿವಾಣದ ಮುಚ್ಚಳ ತೆಗೆದು, ಮೆಚ್ಚುಗೆಗೆ ಕಾದು ನಿಂತರು. ಒಳಗೆ ಹೊಂಬಣ್ಣಕ್ಕೆ ಸುಟ್ಟ, ಕುರಿಮರಿಯಷ್ಟು ದೊಡ್ಡ ಹಕ್ಕಿ.

“ಅಯ್ಯೋ, ಇಷ್ಟು ದೊಡ್ಡ ಕೋಳಿ!” ಎಂದಳು ಅವ್ವ.

ಟರ್ಕಿ ಕೋಳಿ. ನಮ್ಮ ಹಟ್ಟಿಯವರು ಕುರಿ ತಿನ್ನುತ್ತಾರೆ, ಕೋಳಿ ಮುಟ್ಟುವುದಿಲ್ಲ. ಕೋಳಿಯನ್ನು ಹಟ್ಟಿಯೊಳಗೂ ಬಿಡುವುದಿಲ್ಲ. ಅದನ್ನು ಅತ್ತೆಗೆ ಹೇಳಬೇಕಾದ ಸುಮಾ ಆಸ್ಪತ್ರೆಯ ಪಾಳಿಯಲ್ಲಿ ಮರೆತಿದ್ದಳು. ಅವಳು ತಲೆಯ ಮೇಲೆ ಕೈಯಿಟ್ಟು, ಅವ್ವನ ಕಡೆ ನೋಡಿ, “ಪೂರ್ತಿ ಹೇಳ್ತೀನಿ ಅವ್ವ, ನನ್ನದೇ ತಪ್ಪು, ಬೈಯಿ” ಎಂದುಬಿಟ್ಟಳು. ಅವ್ವ ಬಂದಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು, ಜೋನ್‌ರ ಕೈ ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು. ಬೇಯಿಸಿದ ಆಲೂಗಡ್ಡೆ, ಹುರುಳಿಕಾಯಿ, ಹುಣಸೆ ಗೊಜ್ಜಿನ ಹುಳಿಯಿದ್ದ ಕೆಂಪು ಹಣ್ಣಿನ ಗೊಜ್ಜು ಬಡಿಸಿಕೊಂಡು, ಮೇಲೆ ತನ್ನ ಶೇಂಗಾ ಪುಡಿ ಉದುರಿಸಿದಳು. ರಾಸ್ ಡಬ್ಬಿ ಕೇಳಿ ಈಸಿಕೊಂಡು ತಮ್ಮ ತಟ್ಟೆಯ ಕೋಳಿಯ ಮೇಲೂ ಧಾರಾಳವಾಗಿ ಸುರಿದರು. ಮುಖ ಕೆಂಪಾಯಿತು, ನೀರು ಕುಡಿದರು, ಇನ್ನೊಮ್ಮೆ ಸುರಿದರು.

“ತಿನ್ಲಿ ಬಿಡು” ಅಂದಳು ಅವ್ವ. “ಪುಡಿಗೇನು ಗೊತ್ತಾಗ್ತೈತೆ?”

ಬಿಸಿಗಾಳಿ

ನಾವು ಹೊರಡುವ ಹಿಂದಿನ ದಿನ ಬೆಟ್ಟದ ಕಡೆಯಿಂದ ಬೆಚ್ಚನೆಯ ಗಾಳಿ ಬೀಸಿತು. ಚಿನೂಕ್ ಎನ್ನುತ್ತಾರೆ ಅದಕ್ಕೆ. ಪಶ್ಚಿಮದ ಆಕಾಶದಲ್ಲಿ ಮೋಡ ಕಮಾನಿನಂತೆ ಎದ್ದು, ಬೆಳಿಗ್ಗೆ ಗಡಗಡ ನಡುಗಿಸಿದ ಚಳಿ ಮಧ್ಯಾಹ್ನದೊಳಗೆ ಮಾಯವಾಯಿತು. ಸೂರಿನಿಂದ ನೀರು ಸುರಿಯಿತು. ಹಿಮದ ನಡುವೆ ಅಲ್ಲಲ್ಲಿ ಒಣಹುಲ್ಲಿನ ನೆಲ ಕಂಡಿತು, ನಮ್ಮ ಹುಲ್ಲುಗಾವಲಿನ ಬಣ್ಣದ್ದೇ. ಅವ್ವ ಕೋಟು ಕಳಚಿ, ಬರಿಗಾಲಲ್ಲಿ ಹೊರಗಿನ ಮೆಟ್ಟಿಲ ಮೇಲೆ ಕೂತಳು. ರಾಸ್ ಬಂದು ಒಂದು ಮೆಟ್ಟಿಲು ಬಿಟ್ಟು ಕೂತರು. ನಡುವೆ ದುಭಾಷಿಯಾಗಿ ನಾನು.

ದನಗಳು ಒಣನೆಲ ಕಂಡಲ್ಲೆಲ್ಲ ಮೂತಿಯಿಟ್ಟು ತಿರುಗುತ್ತಿದ್ದವು. ಆ ಕರು ತಾಯಿಯ ಹೊಟ್ಟೆಗೆ ಗುದ್ದುತ್ತಿತ್ತು. ಅವ್ವ ಬಹಳ ಹೊತ್ತು ನೋಡಿ, “ಬ್ಯಾಸಿಗೇಲಿ ಎಲ್ಲಿ ಮೇಯಿಸ್ತಾರೆ ಕೇಳು” ಅಂದಳು.

ರಾಸ್ ದೂರದ ನೀಲಿ ಬೆಟ್ಟಗಳ ಕಡೆ ಬೆರಳು ಮಾಡಿದರು. ಜೂನ್ ಬಂದರೆ ಇಡೀ ಮಂದೆಯನ್ನು ಅಲ್ಲಿಗೆ ಹೊಡೆದುಕೊಂಡು ಹೋಗುತ್ತೇವೆ, ಕುದುರೆಯ ಮೇಲೆ, ಎರಡು ದಿನದ ದಾರಿ. ಅಲ್ಲಿ ಹುಲ್ಲು ಮೊಣಕಾಲುದ್ದ, ಹಳ್ಳದಲ್ಲಿ ನೀರು ಬತ್ತುವುದಿಲ್ಲ ಎಂದರು. ಒಂದೇ ಉಸಿರಿನಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಬೆಟ್ಟವನ್ನು ಅಳೆದಳು.

“ಹೇಳು ಅವ್ರಿಗೆ. ಬ್ಯಾಸಿಗೆಗೆ ಬರ್ತೀನಿ ಅಂತ. ಕುದುರೆ ಗಿದುರೆ ಬ್ಯಾಡ, ದನದ ಹಿಂದೆ ನಡ್ಕಂಡೇ ಬರ್ತೀನಿ.”

ರಾಸ್ ನಗುತ್ತಾರೆಂದುಕೊಂಡೆ. ನಗಲಿಲ್ಲ. ಗಡ್ಡ ಕೆರೆದುಕೊಂಡು ಯೋಚಿಸಿ, “ಹಾಗಾದರೆ ಬೆಳಕು ಹರಿಯುವ ಮೊದಲೇ ಹೊರಡಬೇಕು. ಬಿಸಿಲೇರಿದ ಮೇಲೆ ದನ ಹೆಜ್ಜೆ ಎತ್ತಿಡುವುದಿಲ್ಲ” ಅಂದರು.

ನಾನು ಅದನ್ನು ಅವ್ವನಿಗೆ ಹೇಳಿದೆ.

“ಅದು ನನಗೆ ಗೊತ್ತಿಲ್ಲೇನು?” ಅಂದಳು.